ಮೇಣಬಸದಿಯ ಕಟ್ಟೆಯೋ, ಬಾವನಬಂಡೆಯ ನೆತ್ತಿಯೋ?

ಬಾಗಲಕೋಟೆಯವರಿಗೆ ಬಾದಾಮಿ ಅಂದರೆ ಹಿತ್ತಲ ಗಿಡ. ಯಾವಾಗ ಹೋದರೂ ತೆಂಕಣ ಬಂಡೆಯ ಗವಿಗುಡಿಗಳಾದ ಮೇಣಬಸದಿ ಹತ್ತಿ ಇಳಿಯೋದು, ಮಿರ್ಚಿ ತಿಂದು ಬಸ್ ಹಿಡಿಯೋದು. ಅಗಸ್ತ್ಯತೀರ್ಥ ಕೆರೆಯ ಕೊಳ್ಳವನ್ನು ಆಚೆ ದಂಡೆಯ ಬಾವನಬಂಡೆಯಿಂದಲೂ ನೋಡಿದ್ದು ಕಳೆದ ಡಿಸೆಂಬರಿನಲ್ಲೇ, ಅದೂ ತಂಗಿಯ ಮಗನ ಕಾಟಕ್ಕೆ.

ಬೆಳಿಗ್ಗೆ ಮೇಣಬಸದಿ. ಮೆಟ್ಟಿಲು ಅಗಲ, ದಣಿದಲ್ಲಿ ಕೂರಬಹುದು. ಮೂರನೇ ಗವಿ ಚಾಲುಕ್ಯರ ಮಂಗಲೇಶ 578ರಲ್ಲಿ ವಿಷ್ಣುವಿಗೆ ಮಾಡಿಸಿದ್ದು. ಬಂದವರೆಲ್ಲ ಒಳಗಿನ ಮೂರ್ತಿ ನೋಡಿ ಹೊರಡುತ್ತಾರೆ, ಬೆನ್ನ ಹಿಂದಿನ ಕೆರೆಯ ಕಡೆ ತಿರುಗುವವರು ಕಡಿಮೆ. ಕೊರತೆ ಒಂದೇ. ಎರಡು, ಮೂರನೇ ಗವಿಗಳ ನಡುವೆ ಮೇಲಿನ ರಣಮಂಡಲ ಕೋಟೆಗೆ ಹೋಗುವ ಮೆಟ್ಟಿಲಿಗೆ ಬೀಗ ಬಿದ್ದಿದೆ. ನೋಟ ಅರ್ಧ ಎತ್ತರಕ್ಕೇ ಮುಗಿಯಿತು. "ಮಾಮಾ, ರೊಟ್ಟಿ!" ಅಂತ ಹುಡುಗ ಕೂಗುವಷ್ಟರಲ್ಲಿ ಮಂಗ ನಮ್ಮ ಬುತ್ತಿಗಂಟಿನ ಸಮೇತ ಬಂಡೆ ಏರಿತ್ತು. ಶೇಂಗಾ ಚಟ್ನಿಯನ್ನೂ ಬಿಡಲಿಲ್ಲ.

ಮಧ್ಯಾಹ್ನ ಕೆರೆಯ ಬಡಗಣ ದಂಡೆಯ ಬಾವನಬಂಡೆ. ಮ್ಯೂಸಿಯಂ ಪಕ್ಕದಿಂದ ದಾರಿ ಬಂಡೆಯ ಸೀಳಿನೊಳಗೇ ನುಗ್ಗುತ್ತದೆ. ಎರಡೂ ಕಡೆ ಕೆಂಪು ಗೋಡೆ, ತಲೆ ಮೇಲೆ ಪಟ್ಟಿಯಷ್ಟು ಆಕಾಶ, ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ತಂಪು. ಕಲ್ಲಿನಲ್ಲಿ ಪದರ ಪದರ ಓರೆ ಗೆರೆ. ಬೆರಳಾಡಿಸಿದರೆ ಮರಳು ಉದುರಿ ಅಂಗೈಗೆ ಬರುತ್ತದೆ. ಮೇಲೆ ಬಂದಾಗ ಕೊಳ್ಳ ಒಮ್ಮೆಲೇ ತೆರೆದುಕೊಂಡಿತು: ಕೆಳಗೆ ಹಸಿರು ನೀರು, ಅದರ ತುದಿಗೆ ಆಟಿಕೆಯಂಥ ಭೂತನಾಥ ಗುಡಿ, ಇತ್ತ ಊರಿನ ಮಾಳಿಗೆಗಳ ಮೇಲೆ ಒಣಹಾಕಿದ ಸೀರೆಗಳು. ಮೊದಲನೇ ಪುಲಕೇಶಿ 543ರಲ್ಲಿ ಇಲ್ಲೇ ಯಾಕೆ ಕೋಟೆ ಕಟ್ಟಿಸಿದ ಅಂತ ಯಾರೂ ಹೇಳಿಕೊಡಬೇಕಿಲ್ಲ.

ಫೋಟೋಕ್ಕೆ ಮಾತ್ರ ಈ ಕಡೆ ಮೋಸ. ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಬಡಗಣ ಬಂಡೆಯಿಂದ ಕ್ಯಾಮೆರಾ ಹಿಡಿದರೆ ಬಿಸಿಲು ನೇರ ಕಣ್ಣಿಗೆ, ಎದುರಿನ ಗವಿಗಳು ಬರೀ ಕಪ್ಪು ಮಚ್ಚೆ. ಅದೇ ಬೆಳಿಗ್ಗೆ ಗವಿ ಕಡೆಯಿಂದ ತೆಗೆದ ಚಿತ್ರಗಳಲ್ಲಿ ಬಾವನಬಂಡೆ ಕೆಂಡದ ಹಾಗೆ ಬಂದಿದೆ. ಮನೆಯ ಗೋಡೆಗೆ ಹಾಕಿದ್ದು ಅದನ್ನೇ. ಆದರೂ ಒಂದೇ ಕಡೆ ಹತ್ತುವಷ್ಟು ಹೊತ್ತಿದ್ದರೆ ನಾನು ಬಾವನಬಂಡೆಗೇ ಹೋಗುತ್ತೇನೆ.

ಮೊಣಕಾಲು ನೋವಿನ ಅವ್ವನಿಗೆ ಇವೆರಡೂ ಬೇಡ. ಭೂತನಾಥನ ಮೆಟ್ಟಿಲ ಮೇಲೆ ಕೂರಿಸಿದರೆ ಎರಡೂ ಬಂಡೆ ಕೂತಲ್ಲೇ ಕಾಣುತ್ತವೆ. ಮೇಲೆ ಹತ್ತುವವರು ನೀರನ್ನು ಕೆಳಗೇ ತುಂಬಿಕೊಳ್ಳಿ, ಬುತ್ತಿ ಚೀಲದೊಳಗಿರಲಿ.