ಕ್ಯೂಜಿಐಎಸ್ ನಾಲ್ಕು ವರ್ಷ ಬಳಸಿದ ಮೇಲೆ: ಕೆರೆ ನಕ್ಷೆ ಸರಿಮಾಡೋರಿಗೆ ನನ್ನ ಅನುಭವ

ಮಂಡ್ಯ, ಪಾಂಡವಪುರ, ಮೈಸೂರು ಸುತ್ತಲಿನ ಕೆರೆಗಳ ಆವಾಸ ನಕ್ಷೆ ಮಾಡುವ ಸಣ್ಣ ಗುಂಪು ನಮ್ಮದು. ಹುಡುಗರು ಕೆರೆ ಸುತ್ತ ನಡೆದು ಎಲ್ಲಿ ಜೊಂಡು, ಎಲ್ಲಿ ಅಂತರಗಂಗೆ, ಎಲ್ಲಿ ಬರೀ ಕೆಸರು, ಎಲ್ಲಿಂದ ಗದ್ದೆ ಶುರು ಅಂತ ಫೋನಿನಲ್ಲಿ ಗುರುತು ಹಾಕಿ ತರುತ್ತಾರೆ. ತಂದದ್ದನ್ನು ಸರಿಮಾಡುವುದು ನನ್ನ ಪಾಲಿನ ಕೆಲಸ. ನಾಲ್ಕು ವರ್ಷದಿಂದ ಅದನ್ನೆಲ್ಲ ಕ್ಯೂಜಿಐಎಸ್‌ನಲ್ಲೇ ಮಾಡುತ್ತಿದ್ದೇನೆ. 2002ರಲ್ಲಿ ಗ್ಯಾರಿ ಶೆರ್ಮನ್ ಶುರು ಮಾಡಿದ, ನಕ್ಷೆ ಮಾಡುವ ತಂತ್ರಾಂಶ ಇದು, ಒಂದು ರೂಪಾಯಿ ಕೊಡಬೇಕಿಲ್ಲ. ನನ್ನ 8 ಜಿಬಿಯ ಹಳೇ ಲ್ಯಾಪ್‌ಟಾಪಿನಲ್ಲಿ ಆರಾಮಾಗಿ ಓಡುತ್ತದೆ. 5ಕ್ಕೆ 4 ಕೊಡುತ್ತೇನೆ. ಒಂದು ಯಾಕೆ ಕಡಿಮೆ ಅಂತ ಮುಂದೆ ಹೇಳುತ್ತೇನೆ.

ನಕ್ಷೆ ಬಿಡಿಸೋದು ಬೇಗ ಬರುತ್ತದೆ, ಸರಿಮಾಡೋದಕ್ಕೇ ದಿನಗಟ್ಟಲೆ ಬೇಕು. ಇಬ್ಬರು ಒಂದೇ ದಂಡೆಯಲ್ಲಿ ನಡೆದರೂ ಎರಡು ಗೆರೆ ಒಂದರ ಮೇಲೊಂದು ಕೂರುವುದಿಲ್ಲ. ಫೋನಿನ ಜಿಪಿಎಸ್ ಬಯಲಲ್ಲೇ ಸುಮಾರು 5 ಮೀಟರ್ ಅತ್ತಿತ್ತ ಆಗುತ್ತದೆ, ಹೊಂಗೆ ಮರದ ಕೆಳಗೆ ಇನ್ನೂ ಜಾಸ್ತಿ. 5 ಮೀಟರ್ ತಾನೇ ಅಂದುಕೊಳ್ಳಬೇಡಿ. ಒಂದು ಕಿಲೋಮೀಟರ್ ದಂಡೆಯ ಉದ್ದಕ್ಕೂ ಗೆರೆ 5 ಮೀಟರ್ ಸರಿದರೆ 5000 ಚದರ ಮೀಟರ್ ಆಯ್ತು, ನಮ್ಮ ಲೆಕ್ಕದಲ್ಲಿ ಹೆಚ್ಚುಕಮ್ಮಿ ಒಂದು ಎಕರೆ ಒಂಬತ್ತು ಗುಂಟೆ. ಮುಂದಿನ ವರ್ಷದ ನಕ್ಷೆ ಪಕ್ಕದಲ್ಲಿಟ್ಟು ನೋಡಿದಾಗ "ಜೊಂಡು ಒಂದು ಎಕರೆ ಹಬ್ಬಿದೆ" ಅಂತ ಬರೆದುಬಿಡುತ್ತೇವೆ, ಪಾಪ ಜೊಂಡು ಇದ್ದಲ್ಲೇ ಇರುತ್ತದೆ. ಅದನ್ನು ನಂಬಿ ಯಾರೋ ಜೆಸಿಬಿ ಇಳಿಸಿದರೆ ಅದರೊಳಗೆ ಗೂಡು ಕಟ್ಟಿದ ನೀರುಕೋಳಿ ಎಲ್ಲಿಗೆ ಹೋಗಬೇಕು? ಅದಕ್ಕೇ ನಾನು ಗೆರೆ ವಿಷಯದಲ್ಲಿ ಇಷ್ಟು ಹಟ ಮಾಡುವುದು.

ಮೊದಲು ಆನ್ ಮಾಡಬೇಕಾದ್ದು ಸ್ನ್ಯಾಪಿಂಗ್, ಅಯಸ್ಕಾಂತದ ಚಿತ್ರ ಇರುವ ಬಟನ್. ಹೊಸ ಗೆರೆಯ ತುದಿ ಹಳೆ ಗೆರೆ ಹತ್ತಿರ ಬಂದರೆ ತಾನೇ ಹೋಗಿ ಅಂಟಿಕೊಳ್ಳುತ್ತದೆ. ಅದರ ಪಕ್ಕದಲ್ಲೇ ಟೋಪೋಲಾಜಿಕಲ್ ಎಡಿಟಿಂಗ್ ಇದೆ, ಅದನ್ನೂ ಹಾಕಿ. ಆಮೇಲೆ ಗದ್ದೆಗೂ ಜೊಂಡಿಗೂ ಸೇರಿದ ಒಂದು ಬಿಂದುವನ್ನು ಎಳೆದರೆ ಎರಡೂ ಒಟ್ಟಿಗೆ ಬರುತ್ತವೆ, ನಡುವೆ ಬಿರುಕು ಬಿಡುವುದಿಲ್ಲ. ಮೂರನೆಯದು ಅವಾಯ್ಡ್ ಓವರ್‌ಲ್ಯಾಪ್. ಇದಿದ್ದರೆ ಹೊಸ ಆಕಾರವನ್ನು ಹಳೆಯದರ ಮೇಲೆ ಧಾರಾಳವಾಗಿ ಹಾಯಿಸಿ ಬಿಡಿಸಬಹುದು, ಹಳೆಯದರ ಅಂಚಿಗೆ ಸರಿಯಾಗಿ ಅದೇ ಕತ್ತರಿಸಿಕೊಳ್ಳುತ್ತದೆ. ಕೋಡಿಯಿಂದ ತೂಬಿನವರೆಗೆ ಏರಿಯ ಗೆರೆ ಒಮ್ಮೆ ಸರಿಯಾಗಿ ಕೂತರೆ ಸಾಕು, ಉಳಿದದ್ದನ್ನೆಲ್ಲ ಅದಕ್ಕೆ ಆನಿಸಿ ಬಿಡಿಸುತ್ತಾ ಹೋಗುತ್ತೇನೆ. ದಂಡೆ ಮಾತ್ರ ಬದಲಾಗಿದ್ದರೆ ರೀಶೇಪ್ ಟೂಲ್ ಸಾಕು, ಅಂಚನ್ನು ಎರಡು ಕಡೆ ದಾಟುವ ಹಾಗೆ ಗೆರೆ ಎಳೆದರೆ ಅಷ್ಟು ಭಾಗ ಮಾತ್ರ ಹೊಸದಾಗುತ್ತದೆ.

ತಪ್ಪು ಹುಡುಕಲು ಟೋಪಾಲಜಿ ಚೆಕರ್ ಇದೆ. ಒಂದರ ಮೇಲೊಂದು ಇರಬಾರದು, ನಡುವೆ ಖಾಲಿ ಇರಬಾರದು ಅಂತ ನಿಯಮ ಕೊಟ್ಟರೆ ಪಟ್ಟಿ ಕೊಡುತ್ತದೆ, ಪಟ್ಟಿಯ ಸಾಲು ಒತ್ತಿದರೆ ಆ ಜಾಗಕ್ಕೇ ಕರೆದೊಯ್ಯುತ್ತದೆ. ಆದರೆ ಇದು ತೋರಿಸುತ್ತದೆ ಅಷ್ಟೆ, ರಿಪೇರಿ ಮಾಡುವುದಿಲ್ಲ. ರಿಪೇರಿಗೆ ಜಾಮಿಟ್ರಿ ಚೆಕರ್ ಬೇರೆ ಇದೆ.

ಆ ರಿಪೇರಿ ವಿಷಯದಲ್ಲೇ ನಾನು ಒಮ್ಮೆ ಕೆಟ್ಟದಾಗಿ ಎಡವಿದ್ದು. ಗೆರೆಗಳು ಸರಿಯಾಗಿ ಕೂರದ ಕಡೆಯೆಲ್ಲ ನೂರಾರು ಸಣ್ಣ ಚೂರು ಬಿದ್ದಿದ್ದವು. 300 ಚದರ ಮೀಟರಿಗಿಂತ ಚಿಕ್ಕದನ್ನೆಲ್ಲ ಆರಿಸಿ ಎಲಿಮಿನೇಟ್ ಕೊಟ್ಟೆ, ಎಲ್ಲ ಪಕ್ಕದ ದೊಡ್ಡ ಆಕಾರಕ್ಕೆ ಸೇರಿಕೊಂಡವು. ನಕ್ಷೆ ನೀಟಾಯ್ತು ಅಂತ ಖುಷಿಯಾಗಿದ್ದೆ. ತಿಂಗಳಾದ ಮೇಲೆ ಹುಡುಗನೊಬ್ಬ ಕೇಳಿದ, "ಅಣ್ಣಾ, ಗುಡಿ ಹಿಂದಿನ ಕಟ್ಟೆ ಎಲ್ಲಿ?" ವರ್ಷವಿಡೀ ನೀರಿರುವ ಪುಟ್ಟ ಕಟ್ಟೆ ಅದು, ಗದ್ದೆಯೊಳಗೆ ಮುಳುಗಿಹೋಗಿತ್ತು. ಅವತ್ತಿನಿಂದ ವಿಸ್ತೀರ್ಣ ಒಂದನ್ನೇ ನೋಡುವುದಿಲ್ಲ, ವಿಸ್ತೀರ್ಣವನ್ನು ಸುತ್ತಳತೆಯಿಂದ ಭಾಗಿಸಿ ನೋಡುತ್ತೇನೆ. 15 ಮೀಟರ್ ಚೌಕದ ಕಟ್ಟೆಗೆ 225 ಭಾಗಿಸು 60, ಅಂದರೆ 3.75 ಬರುತ್ತದೆ. 200 ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೂರಿಗೆ 200 ಭಾಗಿಸು 402, ಅರ್ಧವೂ ಬರುವುದಿಲ್ಲ. ವಿಸ್ತೀರ್ಣ ನೋಡಿದರೆ ಎರಡೂ ಒಂದೇ ಥರ, ಹೀಗೆ ನೋಡಿದರೆ ಯಾವುದು ಕಟ್ಟೆ ಯಾವುದು ಕಸ ಅಂತ ತಕ್ಷಣ ಗೊತ್ತಾಗುತ್ತದೆ. ಇದಕ್ಕೆ ಮೊದಲು ನಕ್ಷೆಯನ್ನು ಮೀಟರಿನಲ್ಲಿ ಅಳೆಯುವ ಯುಟಿಎಂ ಪದ್ಧತಿಯ 43 ಉತ್ತರ ವಲಯಕ್ಕೆ ತನ್ನಿ, ನಮ್ಮ ಎರಡೂ ಜಿಲ್ಲೆಗೆ ಅದೇ ಸರಿ. ಇಲ್ಲದಿದ್ದರೆ ಲೆಕ್ಕ ಡಿಗ್ರಿಯಲ್ಲಿ ಬಂದು ಏನೂ ಅರ್ಥವಾಗುವುದಿಲ್ಲ.

ಇನ್ನು ಕನ್ನಡದ ವಿಷಯ. ಇದನ್ನು ಯಾರೂ ನನಗೆ ಮೊದಲೇ ಹೇಳಿರಲಿಲ್ಲ. ನಮ್ಮ ಪಟ್ಟಿಯಲ್ಲಿ "ಜೊಂಡು" ಎರಡು ಸಲ ಬರುತ್ತಿತ್ತು, ಬೇರೆ ಬೇರೆ ಬಣ್ಣದಲ್ಲಿ. ಕಣ್ಣಿಗೆ ಎರಡೂ ಒಂದೇ. ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯ್ತು, ಒಬ್ಬರು ಅನುಸ್ವಾರದ ಬದಲು ಕನ್ನಡದ ಸೊನ್ನೆ ಒತ್ತಿದ್ದರು. ಜೊಂಡು, ಜೊ೦ಡು. ನಮಗೆ ಒಂದೇ ಗಿಡ, ಕಂಪ್ಯೂಟರಿಗೆ ಎರಡು. ಫೀಲ್ಡ್ ಕ್ಯಾಲ್ಕುಲೇಟರಿನಲ್ಲಿ ರಿಪ್ಲೇಸ್ ಕೊಟ್ಟರೆ ಒಂದೇ ಸಾಲಿನಲ್ಲಿ ಸರಿಹೋಗುತ್ತದೆ. ಈಗ ಹೆಸರು ಟೈಪ್ ಮಾಡಲು ಬಿಡುವುದೇ ಇಲ್ಲ, ವ್ಯಾಲ್ಯೂ ಮ್ಯಾಪ್ ಹಾಕಿ ಪಟ್ಟಿಯಿಂದ ಆರಿಸುವ ಹಾಗೆ ಮಾಡಿದ್ದೇನೆ. ಅದೇ ಪಟ್ಟಿ ಕ್ಯೂಫೀಲ್ಡ್ ಅನ್ನುವ ಆ್ಯಪ್ ಮೂಲಕ ಹುಡುಗರ ಫೋನಿಗೂ ಹೋಗುತ್ತದೆ.

ಮತ್ತೆ, ನಕ್ಷೆ ಉಳಿಸುವ ಫೈಲಿನ ಬಗೆಗಳಲ್ಲಿ ದಯವಿಟ್ಟು ಶೇಪ್‌ಫೈಲ್ ಬಿಡಿ. ಅದರಲ್ಲಿ ಕಾಲಂ ಹೆಸರಿಗೆ 10 ಬೈಟ್ ಮಾತ್ರ. ಕಂಪ್ಯೂಟರ್ ಅಕ್ಷರ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರ, ಒಂದೊಂದು ಗುಣಿತದ ಗುರುತಿಗೂ 3 ಬೈಟ್ ಬೇಕು. "ಜೊಂಡು" ಅನ್ನುವ ಪುಟ್ಟ ಪದಕ್ಕೇ 15 ಬೈಟ್ ಆಗುತ್ತದೆ. ಜಿಯೋಪ್ಯಾಕೇಜ್ ಅನ್ನುವ ಇನ್ನೊಂದು ಬಗೆ ಬಳಸಿದರೆ ಈ ಕಾಟ ಇಲ್ಲ, ಎಲ್ಲವೂ ಒಂದೇ ಫೈಲಿನಲ್ಲಿರುತ್ತದೆ.

ಈಗ ಆ ಕಡಿಮೆಯಾದ ಒಂದು ಅಂಕದ ಮಾತು. ಎಡಿಟ್ ಮಾಡಿದ್ದು ನಾವಾಗಿ ಸೇವ್ ಒತ್ತುವವರೆಗೂ ಫೈಲಿಗೆ ಹೋಗುವುದಿಲ್ಲ. ನನ್ನ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ತುಂಬಾ ದಿನವಾಗಿದೆ, ಒಂದು ಮಧ್ಯಾಹ್ನ ಕರೆಂಟ್ ಹೋಗಿ ಮೂರು ಗಂಟೆಯ ಕೆಲಸ ಹೋಯ್ತು. ಹಾಗಂತ ಸೇವ್ ಒತ್ತಿದರೆ ಹಿಂದಿನದಕ್ಕೆ ಅಂಡೂ ಮಾಡಲಾಗುವುದಿಲ್ಲ. ಎರಡೂ ಕಡೆ ಸಿಕ್ಕಿಹಾಕಿಕೊಳ್ಳುತ್ತೇವೆ. ನಾನು ಪ್ರತಿ ದಿನ ಬೆಳಿಗ್ಗೆ ಫೈಲಿನ ಒಂದು ಪ್ರತಿ ತಾರೀಖು ಹಾಕಿ ಇಟ್ಟುಕೊಂಡು, ಅರ್ಧ ಗಂಟೆಗೊಮ್ಮೆ ಸೇವ್ ಮಾಡುತ್ತೇನೆ. ಜಾಮಿಟ್ರಿ ಚೆಕರ್ ಕೂಡ ದೊಡ್ಡ ನಕ್ಷೆಯಲ್ಲಿ ನಿಧಾನ. ಒಂದೊಂದೇ ಕೆರೆ ಆರಿಸಿ ಓಡಿಸಿ.

ಕೆಲವು ತಪ್ಪನ್ನು ಮಾತ್ರ ನಾನು ಕೂತಲ್ಲಿಂದ ಮುಟ್ಟುವುದಿಲ್ಲ. ಹೋದ ವರ್ಷ ಒಂದು ಕೆರೆಯ ಹಿನ್ನೀರಿನಲ್ಲಿ ಒಬ್ಬರು ಗದ್ದೆ ಅಂತ ಹಾಕಿದ್ದರು, ಇನ್ನೊಬ್ಬರು ಕೆಸರು ಅಂತ. ಚೆಕರ್ ಪಾಲಿಗೆ ಅದು ಬರೀ ಓವರ್‌ಲ್ಯಾಪ್, ಒಂದನ್ನು ಕತ್ತರಿಸಿದ್ದರೆ ಮುಗಿಯುತ್ತಿತ್ತು. ಹೋಗಿ ಕೇಳಿದೆವು. ದನ ಮೇಯಿಸುತ್ತಿದ್ದ ಹಿರಿಯರು ಹೇಳಿದರು, "ಎರಡೂ ದಿಟವೇ ಕಣಪ್ಪ. ನೀರಿಳಿದ ವರ್ಷ ಬಿತ್ತುತೀವಿ, ನೀರು ನಿಂತ ವರ್ಷ ಕೊಕ್ಕರೆಗೆ ಬಿಡ್ತೀವಿ." ಅದಕ್ಕೆ ಪಟ್ಟಿಯಲ್ಲಿ ಹೊಸ ಹೆಸರೇ ಸೇರಿಸಬೇಕಾಯ್ತು.

ಈಗ ಪ್ರತಿ ನಕ್ಷೆಯಲ್ಲೂ "ಹೋಗಿ ನೋಡಬೇಕು" ಅಂತ ಒಂದು ಕಾಲಂ ಇಟ್ಟಿದ್ದೇನೆ. ಸದ್ಯ ಅದರಲ್ಲಿ 14 ಜಾಗ ಉಳಿದಿವೆ. ಸಂಕ್ರಾಂತಿ ಕಳೆದು ನೀರು ಸ್ವಲ್ಪ ಇಳಿಯಲಿ ಅಂತ ಕಾಯುತ್ತಿದ್ದೇವೆ.