ವಾಕ್ಸಹ್ಯಾಚಿ: ಯಾವ ಆಲ್ಬಮ್‌ನಿಂದ ಶುರು ಮಾಡಬೇಕು?

ವಾಕ್ಸಹ್ಯಾಚಿ ಎಂದರೆ ಅಮೆರಿಕದ ಅಲಬಾಮಾದ ಗಾಯಕಿ ಕೇಟಿ ಕ್ರಚ್‌ಫೀಲ್ಡ್. ಇವರು ಮೊದಲು ಅವಳಿ ಸಹೋದರಿ ಆಲಿಸನ್ ಜೊತೆ ಪಿ.ಎಸ್. ಎಲಿಯಟ್ ತಂಡದಲ್ಲಿ ಪಾಪ್-ಪಂಕ್ (ಪಾಪ್ ಧಾಟಿಯ ಬಿರುಸಿನ ರಾಕ್) ಹಾಡುತ್ತಿದ್ದವರು. ವಾಕ್ಸಹ್ಯಾಚಿ ಎಂಬ ಹೆಸರಿಟ್ಟುಕೊಂಡ ಮೇಲೂ ಆ ಬಿರುಸು ಉಳಿಯಿತು. 2017ರ ‘ಔಟ್ ಇನ್ ದ ಸ್ಟಾರ್ಮ್’ನಲ್ಲಿ ಗಿಟಾರ್‌ಗಳು ಮೊರೆಯುತ್ತವೆ, ಮುರಿದ ಸಂಬಂಧದ ಸಿಟ್ಟು ನೇರವಾಗಿ ಎದೆಗೆ ತಾಗುತ್ತದೆ. ಅಬ್ಬರ ಇಷ್ಟವಾದರೆ ಇದನ್ನೇ ಆರಿಸಿ.

ನನ್ನ ಮತ ಮಾತ್ರ 2020ರ ‘ಸೇಂಟ್ ಕ್ಲೌಡ್’ಗೆ. ಕುಡಿತ ಬಿಟ್ಟ ಮೇಲೆ ಬಂದ ಆಲ್ಬಮ್ ಇದು. ‘ಫೈರ್’ ಹಾಡಿನಲ್ಲಿ ದನಿ ತೆಳ್ಳಗೆ ಮೇಲಿನ ಸ್ವರಕ್ಕೆ ಏರುತ್ತದೆ. ವಾದ್ಯಗಳು ಹಿಂದೆ ಸರಿದು ಅದಕ್ಕೆ ಜಾಗ ಬಿಡುತ್ತವೆ. ಅಮೆರಿಕದ ದಕ್ಷಿಣದವರ ಉಚ್ಚಾರಣೆಯನ್ನು ಮುಚ್ಚಿಡುವ ಯತ್ನವೇ ಇಲ್ಲ. ಅಮೆರಿಕದ ಹಿರಿಯ ಗಾಯಕಿ ಲುಸಿಂಡಾ ವಿಲಿಯಮ್ಸ್ ಪ್ರಭಾವ ಎದ್ದು ಕಾಣುತ್ತದೆ. ಬ್ಯಾಂಜೋ ಎಂಬ ತಂತಿವಾದ್ಯದ ನಾದ ಬೇಕೆಂದರೆ 2024ರ ‘ಟೈಗರ್ಸ್ ಬ್ಲಡ್’ ಇದೆ, ಅದರಲ್ಲಿ ಗಾಯಕ-ಗಿಟಾರ್ ವಾದಕ ಎಂ.ಜೆ. ಲೆಂಡರ್‌ಮನ್ ದನಿಗೂಡಿಸಿರುವ ‘ರೈಟ್ ಬ್ಯಾಕ್ ಟು ಇಟ್’ ಮೊದಲು ಕೇಳಿ.