ಪಾಕಿಸ್ತಾನದ ಮೊಹರಿರುವ ಹತ್ತು ರೂಪಾಯಿ ತೋರಿಸುವವನು ನಿಮ್ಮ ಮನೆಗೂ ಬರಬಹುದು

ಮೂಡಿಗೆರೆ, ಬಾಳೆಹೊನ್ನೂರು, ಸಕಲೇಶಪುರ ಕಡೆಯ ಹಳೆಯ ತೋಟದ ಮನೆಗಳವರು ಇದನ್ನು ಓದಿ, ಮನೆಯ ಹಿರಿಯರಿಗೂ ಓದಿ ಹೇಳಿ. ಬ್ರಿಟಿಷರ ಕಾಲದ ನೋಟುಗಳಿದ್ದರೆ ಕೊಡಿ, ಬದಲಿಗೆ ಅದಕ್ಕಿಂತ ಅಪರೂಪದ್ದನ್ನು ಕೊಡುತ್ತೇನೆ ಎಂದು ಒಬ್ಬ ಮನೆ ಮನೆ ತಿರುಗುತ್ತಿದ್ದಾನೆ. ಐವತ್ತರ ಆಸುಪಾಸು ವಯಸ್ಸು, ಮೆತ್ತಗಿನ ಮಾತು, ಕಂಕುಳಲ್ಲಿ ಕಪ್ಪು ಆಲ್ಬಮ್, ಜೇಬಿನಲ್ಲಿ ಭೂತಗನ್ನಡಿ. ಮೂಡಿಗೆರೆ ಬಳಿಯ ನನ್ನ ಚಿಕ್ಕಪ್ಪನ ಮನೆಯಿಂದ ಆತ ಏನು ಒಯ್ದ, ಏನು ಬಿಟ್ಟುಹೋದ ಎಂಬುದನ್ನು ಬಿಡಿಸಿ ಬರೆಯುತ್ತೇನೆ. ಬರೀ ಹುಷಾರಾಗಿರಿ ಎಂದರೆ ಸಾಲದು, ಏಕೆಂದರೆ ಆ ಮಾತನ್ನು ಎಲ್ಲರಿಗಿಂತ ಮೊದಲು ಹೇಳುವವನು ಅವನೇ.

ನಿಜ. ಜಗಲಿಯಲ್ಲಿ ಕುಳಿತೊಡನೆ ಆತ ಮಾಡಿದ ಮೊದಲ ಕೆಲಸ, ರಿಸರ್ವ್ ಬ್ಯಾಂಕ್ 2021ರ ಆಗಸ್ಟ್ 4ರಂದು ಹೊರಡಿಸಿದ ಎಚ್ಚರಿಕೆಯ ಪ್ರಕಟಣೆಯನ್ನು ಮೊಬೈಲಿನಲ್ಲಿ ತೋರಿಸಿದ್ದು. ಹಳೆಯ ನೋಟು, ನಾಣ್ಯಗಳನ್ನು ಮಾರಿಸಿಕೊಡುತ್ತೇವೆ ಎಂದು ರಿಸರ್ವ್ ಬ್ಯಾಂಕಿನ ಹೆಸರು, ಲಾಂಛನ ಬಳಸಿ ಕಮಿಷನ್, ತೆರಿಗೆ ಎಂದೆಲ್ಲ ಹಣ ಕೇಳುವವರಿದ್ದಾರೆ, ಬ್ಯಾಂಕ್ ಇಂಥ ವ್ಯವಹಾರ ಮಾಡುವುದೂ ಇಲ್ಲ, ಯಾರಿಂದಲೂ ಶುಲ್ಕ ಕೇಳುವುದೂ ಇಲ್ಲ ಎಂಬ ಪ್ರಕಟಣೆ ಅದು. ಪ್ರಕಟಣೆ ಅಪ್ಪಟ ಸತ್ಯ. ಅಂಥದೊಂದು ಕರೆ ಚಿಕ್ಕಪ್ಪನಿಗೂ ಹಿಂದೆ ಬಂದಿತ್ತು, ಅವರು ಬೈದು ಫೋನ್ ಇಟ್ಟಿದ್ದರು. ‘ನೋಡಿ ಗೌಡರೇ, ನಾನು ಮುಂಗಡ ಕೇಳುವವನಲ್ಲ. ನಿಮ್ಮ ಕೈಗೆ ಕೊಟ್ಟು ನಾನು ತೆಗೆದುಕೊಳ್ಳುವವನು’ ಎಂದ. ಅಷ್ಟು ಸಾಕಾಯಿತು. ಚಿಕ್ಕಮ್ಮ ಕಾಫಿಯ ಜೊತೆ ಅಕ್ಕಿರೊಟ್ಟಿಯನ್ನೂ ಕೊಟ್ಟರಂತೆ.

ಚಿಕ್ಕಪ್ಪನ ಟ್ರಂಕಿನಲ್ಲಿ ಅಜ್ಜನ ಕಾಲದ ಕಿರ್ದಿ ಪುಸ್ತಕಗಳಿವೆ, ಅವುಗಳ ನಡುವೆ ಕೆಲವು ನೋಟುಗಳಿದ್ದವು. ಮೈಸೂರು ಸಂಸ್ಥಾನದ ಮೂಲೆಯ ತೋಟದ ಮನೆಗೆ ಅವು ಬಂದದ್ದರಲ್ಲಿ ಆಶ್ಚರ್ಯವೇನಿಲ್ಲ. ನಮ್ಮ ಕಡೆಯ ಕಾಫಿ ಘಾಟಿ ಇಳಿದು ಮಂಗಳೂರಿನ ಕ್ಯೂರಿಂಗ್‌ಗೆ, ಅಂದರೆ ಬೀಜ ಸುಲಿದು ಹದಮಾಡುವ ಕಾರ್ಖಾನೆಗಳಿಗೆ, ಹೋಗುತ್ತಿತ್ತು, ಮಂಗಳೂರು ಆಗ ಮದ್ರಾಸ್ ಪ್ರಾಂತದಲ್ಲಿತ್ತು, ಬೆಳೆಯ ಹಣ ಅಲ್ಲಿಂದ ಬರುತ್ತಿತ್ತು. ಟ್ರಂಕಿನಲ್ಲಿದ್ದ ಹೆಚ್ಚಿನವು 1940ರ ಒಂದು ರೂಪಾಯಿ ನೋಟುಗಳು. ಆರನೇ ಜಾರ್ಜ್‌ನ ನಾಣ್ಯದ ಚಿತ್ರವಿರುವ ಇವು ಹಾಸನದ ಜಾತ್ರೆಯ ಅಂಗಡಿಯಲ್ಲೂ ಸಿಗುತ್ತವೆ. ಎಂಬತ್ತು ವರ್ಷ ದಾಟಿದ್ದರೂ ಬೆಲೆ ಅಷ್ಟಕ್ಕಷ್ಟೆ, ಏಕೆಂದರೆ ಅಚ್ಚಾದದ್ದೇ ರಾಶಿ. ಜೊತೆಗೆ ರಿಸರ್ವ್ ಬ್ಯಾಂಕಿನ ಆಗಿನ ಗವರ್ನರ್ ಟೇಲರ್ ಸಹಿಯ ಐದು ರೂಪಾಯಿಯ ಕೆಲವು ನೋಟುಗಳು, 1917ರ ಒಂದು ರೂಪಾಯಿಯ ಒಂದು ನೋಟು. ಇವೆಲ್ಲದರ ಅಡಿಯಲ್ಲಿ, ಗುಂಡುಸೂಜಿ ಚುಚ್ಚಿದ್ದ, ಎರಡು ರೂಪಾಯಿ ಎಂಟಾಣೆಯ ಒಂದು ನೋಟು.

ಅದನ್ನು ಕಂಡು ಆತ ನಕ್ಕನಂತೆ. ‘ಎರಡೂವರೆ ರೂಪಾಯಿಗೆ ಯಾರಾದರೂ ನೋಟು ಮಾಡುತ್ತಾರೆಯೇ? ಇದು ಮಕ್ಕಳ ಆಟದ ನೋಟು, ಬೇಕಾದರೆ ಉಳಿದವುಗಳ ಜೊತೆ ಸೇರಿಸಿಕೊಳ್ಳುತ್ತೇನೆ.’

ಕೇಳಿದವರಿಗೆ ಹೌದೆನಿಸುವ ಮಾತೇ. ಆದರೆ ಮಾಡಿದ್ದರು. ಮೊದಲ ಮಹಾಯುದ್ಧದಲ್ಲಿ ಬೆಳ್ಳಿಗೆ ಬರ ಬಂದು ರೂಪಾಯಿ ನಾಣ್ಯ ಟಂಕಿಸುವುದು ಕಷ್ಟವಾದಾಗ ಸರ್ಕಾರ ಸಣ್ಣ ಮೌಲ್ಯದ ಕಾಗದಕ್ಕೆ ಇಳಿಯಿತು. 1917ರ ನವೆಂಬರ್ 30ರಂದು ಒಂದು ರೂಪಾಯಿ ನೋಟು ಬಂತು, ನಂಬಿಕೆ ಬರಲೆಂದು ಅದರ ಮೇಲೆ ಬೆಳ್ಳಿ ರೂಪಾಯಿಯದೇ ಚಿತ್ರ. ಅದರ ಬೆನ್ನಿಗೇ 1918ರಲ್ಲಿ ಎರಡು ರೂಪಾಯಿ ಎಂಟಾಣೆಯ ನೋಟು, ಐದನೇ ಜಾರ್ಜ್‌ನ ಮುಖ, ಗಬ್ಬೆ ಎಂಬ ಅಧಿಕಾರಿಯ ಸಹಿ. ಅದು ಯಾವ ವಲಯದಿಂದ ಹೊರಟದ್ದು ಎಂಬುದಕ್ಕೆ ನೋಟಿನ ಮೇಲೆಯೇ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ: ಮದ್ರಾಸಿಗೆ ಎಂ, ಮುಂಬಯಿಗೆ ಬಿ, ಕಲ್ಕತ್ತೆಗೆ ಸಿ. ಖರ್ಚಿಗೆ ತಕ್ಕ ಪ್ರಯೋಜನವಿಲ್ಲವೆಂದು 1926ರ ಜನವರಿ 1ರಿಂದ ಎರಡನ್ನೂ ನಿಲ್ಲಿಸಿದರು. ಒಂದು ರೂಪಾಯಿ 1940ರಲ್ಲಿ ಮತ್ತೆ ಬಂತು, ಎರಡೂವರೆ ಮತ್ತೆ ಬರಲೇ ಇಲ್ಲ. ಸಂಗ್ರಾಹಕರು ಹುಡುಕುವುದು ಇದನ್ನೇ. ಒಳ್ಳೆಯ ಸ್ಥಿತಿಯದಾದರೆ ಹರಾಜಿನಲ್ಲಿ ಲಕ್ಷದ ಲೆಕ್ಕದಲ್ಲಿ ಮಾತು. ಅದನ್ನು ಆಟದ ನೋಟು ಎಂದವನಿಗೆ ಗೊತ್ತಿರಲಿಲ್ಲ ಎಂದು ನಾನು ಒಪ್ಪುವುದಿಲ್ಲ. ಆತ ಬಂದದ್ದೇ ಅಂಥದಕ್ಕೆ.

ಐದು ರೂಪಾಯಿಯವನ್ನು ಬಿಟ್ಟು ಉಳಿದವಕ್ಕೆಲ್ಲ ಬದಲಾಗಿ ಆಲ್ಬಮ್‌ನಿಂದ ತೆಗೆದದ್ದು ಒಂದು ಹತ್ತು ರೂಪಾಯಿ. ಆರನೇ ಜಾರ್ಜ್, ಗವರ್ನರ್ ಸಿ. ಡಿ. ದೇಶಮುಖ್ ಸಹಿ, ಮೇಲೆ ಇಂಗ್ಲಿಷಿನಲ್ಲೂ ಉರ್ದುವಿನಲ್ಲೂ ‘ಪಾಕಿಸ್ತಾನ ಸರ್ಕಾರ’ ಎಂಬ ಅಚ್ಚು. ಇದರ ಕಥೆಯನ್ನು ಆತ ಸೊಗಸಾಗಿ ಹೇಳಿದನಂತೆ, ಕಥೆಯೂ ನಿಜ. ದೇಶ ಒಡೆದಾಗ ಪಾಕಿಸ್ತಾನಕ್ಕೆ ಸ್ವಂತ ನೋಟು ಇರಲಿಲ್ಲ. 1948ರ ಏಪ್ರಿಲ್‌ನಿಂದ ನಮ್ಮ ರಿಸರ್ವ್ ಬ್ಯಾಂಕ್ ನೋಟುಗಳ ಮೇಲೆಯೇ ಆ ಸಾಲುಗಳನ್ನು ಅಚ್ಚುಹಾಕಿ ಅಲ್ಲಿ ಚಲಾವಣೆಗೆ ಬಿಟ್ಟರು. ಹೊರಡಿಸಿದ್ದು ಕೆಲವೇ ತಿಂಗಳು, ಹಾಗಾಗಿ ಬೆಲೆ. ನಂತರ ನೋಟನ್ನು ಕಿಟಕಿಯ ಬೆಳಕಿಗೆ ಹಿಡಿದು ನೀರುಗುರುತು ತೋರಿಸಿದ. ಜಪಾನಿನವರ ಖೋಟಾ ನೋಟುಗಳ ಹಾವಳಿಯಿಂದಾಗಿ 1944ರಲ್ಲಿ ರಾಜನ ಪಕ್ಕನೋಟ ತೆಗೆದು ಎದುರುಮುಖ ಹಾಕಿದರು, ನೋಟಿನೊಳಗೆ ಭದ್ರತಾ ದಾರ ಸೇರಿಸಿದರು ಎಂದು ದಾರವನ್ನೂ ತೋರಿಸಿದ. ಎಲ್ಲವೂ ಸರಿ ಇತ್ತು.

ಸರಿ ಇರಲೇಬೇಕಲ್ಲ! ನೋಟು ಅಸಲಿಯೇ. ಸುಳ್ಳಾಗಿದ್ದದ್ದು ಮೇಲಿನ ಮೊಹರು ಮಾತ್ರ. ಕಡಿಮೆ ಬೆಲೆಗೆ ಸಿಗುವ ಸಾಮಾನ್ಯ ನೋಟಿಗೆ ರಬ್ಬರ್ ಮೊಹರು ಒತ್ತಿದರೆ ಪಾಕಿಸ್ತಾನದ ನೋಟು ತಯಾರು. ನೀರುಗುರುತನ್ನು ಎಷ್ಟು ಹೊತ್ತು ನೋಡಿದರೂ ಮೊಹರಿನ ಹಣೆಬರಹ ತಿಳಿಯುವುದಿಲ್ಲ.

ಚಿಕ್ಕಪ್ಪ ಹೆಮ್ಮೆಯಿಂದ ಅದನ್ನು ಹಾಸನಕ್ಕೆ ತಂದು ನನ್ನ ಮೇಜಿನ ಮೇಲಿಟ್ಟರು. ಭೂತಗನ್ನಡಿಯಲ್ಲಿ ನಾನು ಮೊದಲು ನೋಡಿದ್ದು ಮಡಿಕೆ. ಅಸಲಿ ಅಚ್ಚು ಬಿದ್ದದ್ದು ಹೊಸ ನೋಟಿನ ಮೇಲೆ, ಮಡಿಕೆ ಬಂದದ್ದು ಆಮೇಲೆ ಜನರ ಜೇಬಿನಲ್ಲಿ. ಆದ್ದರಿಂದ ಮಡಿಕೆಯ ಗೆರೆಯಲ್ಲಿ ಅಕ್ಷರದ ಶಾಯಿ ಸವೆದು ಕಾಗದ ಕಾಣಬೇಕು. ಇಲ್ಲಿ ತಿರುಗುಮುರುಗು: ಕಾಗದ ಸವೆದಿದೆ, ಅದರ ಮೇಲೆ ಶಾಯಿ ತುಂಬಿಕೊಂಡಿದೆ. ಮಡಿಕೆಯ ಬಿರುಕಿಗೆ ಶಾಯಿ ಹರಿದು ಕೂದಲಿನಷ್ಟು ಸಣ್ಣ ಕವಲುಗಳಾಗಿವೆ. ಕೊಳೆಯ ಕಲೆಯೊಂದರ ಮೇಲೂ ಅಕ್ಷರ ಹೊಸದಾಗಿ ಕೂತಿದೆ. ಮುದ್ರಣಾಲಯದ ಅಚ್ಚಿನಲ್ಲಿ ಅಕ್ಷರದ ಅಂಚು ಚೂಪಾಗಿರುತ್ತದೆ, ಇದರಲ್ಲಿ ಅಂಚಿಗೆ ಶಾಯಿ ಒತ್ತಿಬಂದು ನಡುವೆ ತೆಳುವಾಗಿದೆ, ಗ್ರಾಮ ಪಂಚಾಯಿತಿ ರಸೀತಿಯ ಮೊಹರಿನ ಹಾಗೆ. ಚಿಕ್ಕಪ್ಪ ಎರಡು ಸಲ ನೋಡಿದರು. ‘ಮಾರಾಯ, ಆ ಎರಡೂವರೆ ರೂಪಾಯಿ?’ ಎಂದರು. ನನಗೆ ಆಗಲೇ ಗೊತ್ತಾದದ್ದು ಅಂಥದೊಂದು ನೋಟು ಆ ಮನೆಯಲ್ಲಿತ್ತೆಂದು.

ಇನ್ನೊಂದು ಅನಾಹುತವನ್ನೂ ಹೇಳಬೇಕು. ಟೇಲರ್ ಸಹಿಯ ಐದು ರೂಪಾಯಿಗಳನ್ನು ಆತ ‘ಪುಕ್ಕಟೆಯಾಗಿ ಸ್ವಚ್ಛ ಮಾಡಿಕೊಡುತ್ತೇನೆ’ ಎಂದು ಒಯ್ದು, ಮಾತಿಗೆ ತಪ್ಪದೆ ಮರಳಿಸಿದ್ದ. 1938ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಹೊರತಂದ ಮೊಟ್ಟಮೊದಲ ನೋಟಿನ ಮಾದರಿ ಅದು. ಮಲೆನಾಡಿನ ಮಳೆಗಾಲಗಳನ್ನು ಕಂಡ ನೋಟುಗಳಿಗೆ ಕಂದು ಕಲೆ ಇತ್ತು, ನಿಜ. ಈಗ ಕಲೆ ಇಲ್ಲ, ಕಾಗದದ ಖಣಿಖಣಿಯೂ ಇಲ್ಲ. ಸೋಪಿನ ನೀರಿನಲ್ಲಿ ಅದ್ದಿ ಇಸ್ತ್ರಿ ಮಾಡಿದ್ದಾನೆ. ಅಂಗಡಿಗಳಲ್ಲಿ ಖೋಟಾ ನೋಟು ಪರೀಕ್ಷಿಸುವ ನೇರಳೆ ದೀಪದ ಕೆಳಗೆ ಹಿಡಿದರೆ ಇಡೀ ನೋಟು ನೀಲಿಬಿಳುಪಾಗಿ ಹೊಳೆಯುತ್ತದೆ. ಬಟ್ಟೆ ಪುಡಿಗೆ ಬೆರೆಸುವ ಬಿಳುಪುಕಾರಕದ ಗುಣ ಅದು, ಹಳೆಯ ಕಾಗದ ಹಾಗೆ ಹೊಳೆಯುವುದಿಲ್ಲ. ತೊಳೆದ ನೋಟು ಎಂದು ತಿಳಿದರೆ ಸಂಗ್ರಾಹಕರು ಬೆಲೆಯನ್ನು ಅರ್ಧಕ್ಕಿಂತ ಕೆಳಗಿಳಿಸುತ್ತಾರೆ. ಕೊಳೆಯಾಗಿದ್ದರೂ ಮುಟ್ಟದ ನೋಟಿಗೇ ಮರ್ಯಾದೆ. ಸೆಲ್ಲೋಟೇಪು ಅಂಟಿಸುವುದು, ಲ್ಯಾಮಿನೇಷನ್ ಮಾಡಿಸುವುದು, ಪಿವಿಸಿ ಕವರಿನಲ್ಲಿ ತುರುಕುವುದು ಇವೂ ಕೊಲೆಗೆ ಸಮ, ಆದರೆ ಅದು ಬೇರೆ ದಿನದ ಜಗಳ.

ಠಾಣೆಗೂ ಹೋದೆವು. ದೂರು ಬರೆದುಕೊಂಡರು. ಆದರೆ ಕೇಳಿದ್ದಕ್ಕೆ ನಮ್ಮ ಬಳಿ ಉತ್ತರವಿರಲಿಲ್ಲ: ಚೀಟಿ ಇದೆಯೇ, ನೋಟಿನ ಸಂಖ್ಯೆ ಏನು, ಫೋಟೊ ಇದೆಯೇ. ಆತ ಕೊಟ್ಟ ಫೋನ್ ನಂಬರ್ ಸ್ವಿಚ್ ಆಫ್. ಆದ್ದರಿಂದ ಯಾರೇ ಬರಲಿ, ಟ್ರಂಕು ತೆರೆಯುವ ಮೊದಲು ಪ್ರತಿ ನೋಟಿನ ಎರಡೂ ಮಗ್ಗುಲ ಫೋಟೊ ತೆಗೆದಿಡಿ, ಕ್ರಮಸಂಖ್ಯೆ ಮತ್ತು ಸಹಿ ಸ್ಪಷ್ಟವಾಗಿರಲಿ. ಬೆಲೆ ನಿಂತಿರುವುದು ಆ ಸಂಖ್ಯೆ, ಸಹಿ, ವಲಯದ ಅಕ್ಷರ ಮತ್ತು ಕಾಗದದ ಸ್ಥಿತಿಯ ಮೇಲೆ. ಬದಲಿ ವ್ಯವಹಾರಕ್ಕೆ ಒಪ್ಪಲೇಬೇಡಿ, ಮಾರುವುದಾದರೆ ಹಣಕ್ಕೆ ಮಾರಿ, ಅದೂ ಇನ್ನೊಬ್ಬರಿಗೆ ತೋರಿಸಿದ ಮೇಲೆ. ಫೋನಿನಲ್ಲಿ ಶುಲ್ಕ ಕೇಳಿ ಹಣ ಕಿತ್ತಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕೊನೆಯದಾಗಿ, ಸಂಗ್ರಾಹಕರಲ್ಲಿ ಒಂದು ಕೋರಿಕೆ. ಎರಡು ರೂಪಾಯಿ ಎಂಟಾಣೆಯ ನೋಟೊಂದು ನಿಮಗೆ ಮಾರಾಟಕ್ಕೆ ಬಂದರೆ ಎಡಮೇಲಿನ ಮೂಲೆ ನೋಡಿ. ಗುಂಡುಸೂಜಿಯ ಎರಡು ತೂತು, ಅವುಗಳ ಸುತ್ತ ತುಕ್ಕಿನ ಕಲೆ ಇರಬೇಕು. ಹಿಂಬದಿಯಲ್ಲಿ ಅಜ್ಜ ಪೆನ್ಸಿಲಿನಲ್ಲಿ ಕನ್ನಡ ಅಂಕಿಯಲ್ಲಿ ೧೨ ಎಂದು ಬರೆದಿದ್ದರು. ಅದನ್ನು ಉಜ್ಜಿ ಅಳಿಸಿರಬಹುದು, ತೂತುಗಳನ್ನು ಮುಚ್ಚುವುದು ಅಷ್ಟು ಸುಲಭವಲ್ಲ. ಕಂಡರೆ ಫೋಟೊ ತೆಗೆದುಕೊಂಡು, ಮಾರುವವನನ್ನು ಮಾತಿನಲ್ಲಿ ಹಿಡಿದಿಟ್ಟು, ಹತ್ತಿರದ ಠಾಣೆಗೆ ತಿಳಿಸಿ.